ಬೋರ್ಡ್ ಸತ್ತಿಲ್ಲ, ಬೆಸುಗೆ ಹಿಡಿದಿಲ್ಲ

ಕಳೆದ ಶ್ರಾವಣದಲ್ಲಿ ಅಣ್ಣನ ಮಗ ಧಾರವಾಡದ ನಮ್ಮ ಮನೆಗೆ ಒಂದು ಗಿಟಾರ್ ಪೆಡಲ್ (ಗಿಟಾರಿನ ಸದ್ದು ಬದಲಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಹಿಡಿದುಕೊಂಡು ಬಂದ. ಹುಬ್ಬಳ್ಳಿಯಿಂದ ಸಾಮಾನು ತಂದು ತಾನೇ ಬೆಸೆದದ್ದು. "ಕಾಕಾ, ಬೋರ್ಡ್ ಸತ್ತಿದೆ, ಹೊಸದು ತರಿಸುತ್ತೇನೆ" ಎಂದ. 1966ರಲ್ಲಿ ಲಂಡನ್ನಿನಲ್ಲಿ ತಯಾರಾದ, ಸದ್ದನ್ನು ಒರಟಾಗಿಸುವ ಫಜ್ ಫೇಸ್ ಪೆಡಲ್‌ನ ಸಿಲಿಕಾನ್ ಟ್ರಾನ್ಸಿಸ್ಟರಿನ ನಕಲು ಅದು. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸುವ ಗುಂಡಿಯ ಕೆಳಗಿನ ಭಾಗ; ಒಂದು ಫಜ್‌ಗೆ, ಒಂದು ವಾಲ್ಯೂಮ್‌ಗೆ), ಅಷ್ಟೇ. ಇಷ್ಟು ಚಿಕ್ಕ ಬೋರ್ಡ್ ಸುಮ್ಮನೆ ಸಾಯುವುದಿಲ್ಲ. ಎಸೆಯುವ ಮುನ್ನ ದೋಷವನ್ನು ಹೀಗೆ ಹುಡುಕಿ.

ಮೊದಲು ಬೆಸುಗೆಯ ಐರನ್ ಆಫ್ ಮಾಡಿ. ಎಲ್ಲ ಬೆಸುಗೆಗಳನ್ನೂ ಮತ್ತೊಮ್ಮೆ ಕಾಯಿಸಿಬಿಡೋಣ ಎಂಬ ಆತುರವೇ ಹೊಸಬರ ಬೋರ್ಡ್‌ಗಳನ್ನು ಹೆಚ್ಚು ಕೆಡಿಸುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಬೆಸೆದಾಗ ಉಳಿದ ಕಂದು ಬಣ್ಣದ ರಾಳವನ್ನು ತೊಳೆಯಿರಿ. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ಒಂದೊಂದೇ ಬಿಂದುವನ್ನು ನೋಡಿ. ಒಳ್ಳೆಯ ಬೆಸುಗೆ ಬಿಡಿಭಾಗದ ಲೋಹದ ಕಾಲಿನಿಂದ ಬೋರ್ಡಿನ ತಾಮ್ರದ ಪ್ಯಾಡ್‌ನತ್ತ ಇಳಿಜಾರಾಗಿ ಹರಿದು ಅಂಚಿನಲ್ಲಿ ತೆಳುವಾಗಿ ಮುಗಿಯುತ್ತದೆ. ರಿಪೇರಿಯವರು ಡ್ರೈ ಸೋಲ್ಡರ್ ಎನ್ನುವುದು ಕೆಸುವಿನ ಎಲೆಯ ಮೇಲಿನ ನೀರ ಹನಿಯಂತೆ ಉಂಡೆಯಾಗಿ ಕೂತಿರುತ್ತದೆ. ನೋಡಿದರೆ ತುಂಬಿದೆ, ಆದರೆ ಅಂಟಿಲ್ಲ.

ಹಂಚು ಕಾಯದೆ ರೊಟ್ಟಿ ಬೇಯದು. ಇಲ್ಲಿಯೂ ಕಾಯಬೇಕಾದದ್ದು ಪ್ಯಾಡ್ ಮತ್ತು ಕಾಲು. ಸೋಲ್ಡರ್ ತಂತಿಯನ್ನು ಐರನ್ನಿನ ತುದಿಗೆ ಕರಗಿಸಿ ತಂದು ಮೆತ್ತಿದರೆ ಅದರೊಳಗಿನ, ಲೋಹವನ್ನು ಶುಚಿಮಾಡಬೇಕಾದ ರಾಳ ದಾರಿಯಲ್ಲೇ ಹೊಗೆಯಾಗಿ ಹೋಗುತ್ತದೆ. ಸರಿಪಡಿಸಲು ಡ್ರೈ ಬಿಂದುವಿಗೆ ಸ್ವಲ್ಪ ರಾಳದ ಫ್ಲಕ್ಸ್ (ಲೋಹ ಶುಚಿಮಾಡುವ ಅದೇ ರಾಳ) ಹಚ್ಚಿ, ತುದಿಯನ್ನು ಕಾಲಿಗೂ ಪ್ಯಾಡ್‌ಗೂ ಒಟ್ಟಿಗೆ ತಾಗಿಸಿ ಎರಡು ಮೂರು ಸೆಕೆಂಡ್ ಹಿಡಿಯಿರಿ. ಇನ್ನೊಂದು ಬದಿಯಿಂದ ಒಂದಿಷ್ಟು ಹೊಸ ತಂತಿ ಮುಟ್ಟಿಸಿ. 60/40 (ಶೇಕಡಾ 60 ತವರ, 40 ಸೀಸ) ಸೋಲ್ಡರ್ ಸುಮಾರು 190 ಡಿಗ್ರಿ ಸೆಲ್ಸಿಯಸ್ಸಿಗೆ ಪೂರ್ತಿ ಕರಗುತ್ತದೆ. ತುದಿ 350 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು. ಆರುವವರೆಗೆ ಬೋರ್ಡ್ ಅಲುಗಿಸಬೇಡಿ. ನಮ್ಮ ಧಾರವಾಡದ ಮಳೆಗಾಲದ ತೇವಕ್ಕೆ ತಾಮ್ರ ಕಪ್ಪಾಗುತ್ತದೆ, ಸೋಲ್ಡರ್ ಹಿಡಿಯುವುದೇ ಇಲ್ಲ; ಬೆಸೆಯುವ ಮುಂಚೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ನಲ್ಲಿ ಕೆಲಸದ ಆಮ್ಲದ ಪೇಸ್ಟ್ ಮಾತ್ರ ಎಂದೂ ಬೇಡ, ಅದು ತಾಮ್ರವನ್ನು ತಿನ್ನುತ್ತದೆ. ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ತಂತಿಯಲ್ಲಿ ಸೀಸವಿದೆ.

ಎರಡು ಪ್ಯಾಡ್‌ಗಳ ನಡುವೆ ಸೋಲ್ಡರ್ ಸೇತುವೆ ಕಟ್ಟಿದ್ದರೆ ತಾಮ್ರದ ಹೆಣೆದ ವಿಕ್ ಪಟ್ಟಿಯನ್ನು ಅದರ ಮೇಲಿಟ್ಟು ಪಟ್ಟಿಯ ಮೇಲೆ ಐರನ್ ಒತ್ತಿ. ಹೆಚ್ಚಿನದನ್ನು ಅದು ಹೀರಿಕೊಳ್ಳುತ್ತದೆ. ಕಿತ್ತುಬಂದ ಪ್ಯಾಡ್ ಮತ್ತೆ ಅಂಟುವುದಿಲ್ಲ. ಆ ತಾಮ್ರದ ಗೆರೆ ತಲುಪುವ ಮುಂದಿನ ಬಿಂದುವಿಗೆ ರೆಸಿಸ್ಟರಿನ ಕತ್ತರಿಸಿದ ಕಾಲೊಂದನ್ನು ಬೆಸೆದರಾಯಿತು.

ಇನ್ನು ಬಿಡಿಭಾಗಗಳನ್ನು ಕೂರಿಸಿದ ದಿಕ್ಕು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಪಟ್ಟೆಯಿರುವ ಕಡೆ ಮೈನಸ್. ಟ್ರಾನ್ಸಿಸ್ಟರುಗಳಲ್ಲಿ ಮೋಸ ಹೋಗುವವರು ಬಹಳ: ಚಪ್ಪಟೆ ಮುಖ ನಿಮ್ಮತ್ತ ಇಟ್ಟರೆ BC547ರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2N3904ರಲ್ಲಿ ಸರಿಯಾಗಿ ತಿರುವುಮುರುವು. ಒಂದರ ಬದಲು ಇನ್ನೊಂದು ಹಾಕಿದ್ದರೆ ತಿರುಗಿಸಿ ಕೂರಿಸಬೇಕು.

ಈಗ 9 ವೋಲ್ಟ್ ಬ್ಯಾಟರಿ ಹಾಕಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿಗೆ (ಬ್ಯಾಟರಿಯ ಮೈನಸ್ ಕಡೆಗೆ) ಹಿಡಿದು ಕೆಂಪು ಕಡ್ಡಿಯಿಂದ ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಮುಟ್ಟಿ. ಸುಮಾರು 4.5 ವೋಲ್ಟ್ ಬರಬೇಕು. ನಮ್ಮ ಹುಡುಗನ ಬೋರ್ಡಿನಲ್ಲಿ ಪೂರ್ತಿ 9 ಬಂತು, ಅಂದರೆ ಟ್ರಾನ್ಸಿಸ್ಟರಿನಲ್ಲಿ ಕರೆಂಟ್ ಹರಿಯುತ್ತಲೇ ಇಲ್ಲ. ಅದರ ಎಮಿಟರ್ ಕಾಲನ್ನು ಚಿಮುಟದಿಂದ ಮೆಲ್ಲಗೆ ಒತ್ತಿದೆ. ಹೊಳೆಯುವ ಉಂಡೆಯೊಳಗೆ ಕಾಲು ಕೂದಲೆಳೆಯಷ್ಟು ಅಲುಗಿತು. ಫ್ಲಕ್ಸ್ ಹಚ್ಚಿ ಅವನೇ ಕಾಯಿಸಿದ, ಮೀಟರ್ 4.6ಕ್ಕೆ ಇಳಿಯಿತು.

ಮೇಜಿನ ಮೇಲೆ ಹಾಡಿದ ಪೆಡಲ್ ಪೆಟ್ಟಿಗೆಯೊಳಗೆ ಹೋದ ಕೂಡಲೇ ಮೂಕವಾದರೆ ಮತ್ತೆ ಐರನ್ ಹಿಡಿಯಬೇಡಿ. ಅಲ್ಯೂಮಿನಿಯಂ ಪೆಟ್ಟಿಗೆ ಗ್ರೌಂಡ್ ಆಗಿರುತ್ತದೆ. ಬೋರ್ಡಿನ ಬೆನ್ನಿನ ಚೂಪು ತುದಿಗಳು ಅದಕ್ಕೋ ಪಾಟ್‌ನ ಲೋಹದ ಬೆನ್ನಿಗೋ ತಾಗುತ್ತಿರುತ್ತವೆ. ತುದಿಗಳನ್ನು ಕತ್ತರಿಸಿ ಗಿಡ್ಡ ಮಾಡಿ, ಪಾಟ್‌ನ ಬೆನ್ನಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಆಮೇಲೆ ಮುಚ್ಚಳದ ಸ್ಕ್ರೂ ಬಿಗಿಯಿರಿ.