ಮೂರು ವರ್ಷಕ್ಕೊಮ್ಮೆ ಹೊಸ ತಂಡ

ಪದವಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಆಯುಸ್ಸು ಮೂರೇ ವರ್ಷ. ಹುಡುಗನಿಗೆ ಆಟ ಕೈಹತ್ತುವ ಹೊತ್ತಿಗೆ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದಿರುತ್ತದೆ. ತಾಲ್ಲೂಕು ಕೇಂದ್ರದ ಸಣ್ಣ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ನಿವೃತ್ತಿಯವರೆಗೂ ದುಡಿದ ನನಗೆ, ಪಂದ್ಯ ಗೆಲ್ಲುವುದಕ್ಕಿಂತ, ಈ ವರ್ಷ ಕಲಿಸಿದ್ದನ್ನು ಮುಂದಿನ ವರ್ಷಕ್ಕೆ ಉಳಿಸುವುದೇ ದೊಡ್ಡ ಕೆಲಸವಾಗಿತ್ತು.

ಶಾಲೆಯಿಂದಲೇ ಆಡಿ ಬಂದ ಎತ್ತರದ ಹುಡುಗರು ಕ್ರೀಡಾ ಕೋಟಾದಲ್ಲಿ ನಗರದ ಕಾಲೇಜುಗಳನ್ನು ಸೇರುತ್ತಿದ್ದರು. ನಮ್ಮಲ್ಲಿಗೆ ಬರುತ್ತಿದ್ದವರು ಕಬಡ್ಡಿ, ಖೋಖೋ ಆಡಿದವರು. ಎತ್ತರವಿಲ್ಲದಿದ್ದರೂ ದಮ್ಮಿತ್ತು, ಕಾಲು ಚುರುಕಾಗಿತ್ತು. ಹೀಗಿರುವಾಗ 3.05 ಮೀಟರ್ ಎತ್ತರದ ರಿಂಗಿನ ಕೆಳಗೆ ಗುದ್ದಾಡುವುದನ್ನು ಬಿಟ್ಟು, 28 ಮೀಟರ್ ಉದ್ದದ ಅಂಕಣವನ್ನೆಲ್ಲ ಬಳಸಿ ಎದುರಾಳಿಯನ್ನು ಅವರ ತುದಿಯಿಂದಲೇ ಒತ್ತಿ ತಡೆಯುವ ಫುಲ್ ಕೋರ್ಟ್ ಪ್ರೆಸ್ ಆಟವನ್ನೇ ಆರಿಸಿಕೊಂಡೆ.

ಇದರಲ್ಲಿ ನನಗೆ ಮಾದರಿಯಾದವರು ಅಮೆರಿಕದ ತರಬೇತುದಾರ ಜಾನ್ ಮೆಕ್ಲೆಂಡನ್. 1891ರಲ್ಲಿ ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರಿಂದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿತರೂ, ಕಪ್ಪು ವರ್ಣೀಯರೆಂಬ ಕಾರಣಕ್ಕೆ ಅಲ್ಲಿನ ತಂಡದಲ್ಲಿ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. ಮುಂದೆ ಕಪ್ಪು ವರ್ಣೀಯರ ಕಾಲೇಜುಗಳಲ್ಲಿ ವೇಗದ ಆಟವನ್ನು ಬೆಳೆಸಿ, ಟೆನೆಸಿ ಎ ಅಂಡ್ ಐ ತಂಡಕ್ಕೆ 1957ರಿಂದ 1959ರವರೆಗೆ ಸತತ ಮೂರು ಬಾರಿ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಅಂದಹಾಗೆ, ಕಾನ್ಸಾಸ್ ತರಬೇತುದಾರರಾಗಿ ನೈಸ್ಮಿತ್ ಗೆದ್ದದ್ದು 55 ಪಂದ್ಯ, ಸೋತದ್ದು 60. ವಲಯ ಮಟ್ಟದಲ್ಲಿ ಸೋತು ಬಸ್ಸು ಹತ್ತಿದಾಗಲೆಲ್ಲ ಹುಡುಗರಿಗೆ ಈ ಲೆಕ್ಕ ಹೇಳುತ್ತಿದ್ದೆ.

ನಾವು ಬುಟ್ಟಿಗೆ ಚೆಂಡು ಹಾಕಿದ ಕೂಡಲೇ ಎದುರಾಳಿ ಅದನ್ನು 5 ಸೆಕೆಂಡಿನೊಳಗೆ ಗೆರೆಯಾಚೆಯಿಂದ ಒಳಗೆ ಹಾಕಬೇಕು, 8 ಸೆಕೆಂಡಿನೊಳಗೆ ಅರ್ಧ ಅಂಕಣ ದಾಟಿಸಬೇಕು. ಮೊದಲ ಪಾಸ್ ಮೂಲೆಗೆ ಹೋಗಲು ಬಿಟ್ಟು, ಅಲ್ಲಿ ನಮ್ಮ ಇಬ್ಬರು ಸೇರಿ ಚೆಂಡು ಹಿಡಿದವನ ದಾರಿ ಮುಚ್ಚುತ್ತಿದ್ದರು. ಮೂರನೆಯವನು ಚೆಂಡಿನ ಹತ್ತಿರಕ್ಕೆ ಹೋಗದೆ, ಎರಡನೆಯ ಪಾಸ್ ಬರುವ ದಾರಿಯಲ್ಲಿ ನಿಲ್ಲುತ್ತಿದ್ದ. ಕಬಡ್ಡಿಯಲ್ಲಿ ರೈಡರನ್ನು ಮೂಲೆಗೆ ಒತ್ತಿ ಅಭ್ಯಾಸವಿದ್ದವರಿಗೆ ಈ ನಡೆ ಬೇಗ ಹತ್ತಿತು. ಆದರೆ ಹಿಡಿಯುವ ಕೈ ಸುಮ್ಮನಿರದೆ ಫೌಲ್ ಮೇಲೆ ಫೌಲ್ ಬೀಳುತ್ತಿತ್ತು. ಅದಕ್ಕೆ ಬೆನ್ನ ಹಿಂದೆ ಟವೆಲಿನ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿಸಿ, ಕಾಲು ಕತ್ತರಿಯಾಗದಂತೆ ಅಡ್ಡಡ್ಡ ಸರಿಯುತ್ತ ಕೈ ಬಳಸದೆ ಎದೆಯಿಂದಲೇ ದಾರಿ ಕಟ್ಟುವುದನ್ನು ದಿನವೂ ಮಾಡಿಸಿದೆ.

ಪ್ರೆಸ್ ಆಡುವವರು ಬೇಗ ದಣಿಯುತ್ತಾರೆ, ಐದು ಫೌಲಾದರೆ ಹೊರಗೆ ಬರುತ್ತಾರೆ. ಆದ್ದರಿಂದ ಹನ್ನೆರಡು ಮಂದಿಯ ತಂಡದಲ್ಲಿ ಕನಿಷ್ಠ ಹತ್ತು ಮಂದಿ ಪ್ರತಿ ಪಂದ್ಯದಲ್ಲೂ ಆಡಲೇಬೇಕಾಗುತ್ತಿತ್ತು. ನನ್ನ ಮೂರು ವರ್ಷದ ತೊಡಕು ಬಿಡಿಸಿಕೊಂಡದ್ದು ಇಲ್ಲಿಯೇ. ಮೊದಲ ವರ್ಷದ ಹುಡುಗನೂ ಬೆಂಚಿನಲ್ಲಿ ಕೂತು ನೋಡುವ ಬದಲು ಅಂತಿಮ ವರ್ಷದವನ ಪಕ್ಕದಲ್ಲೇ ಆಡಿ ಕಲಿತ. ಮೂಲೆ ಮುಚ್ಚುವ ಜೋಡಿಯಲ್ಲಿ ಒಬ್ಬ ಹಿರಿಯ, ಒಬ್ಬ ಕಿರಿಯ ಇರಬೇಕೆಂಬ ನಿಯಮವನ್ನು ನಾನು ಕೊನೆಯವರೆಗೂ ಸಡಿಲಿಸಲಿಲ್ಲ. ಇದರಿಂದ ಕೆಲವು ಪಂದ್ಯ ಕೈತಪ್ಪಿದ್ದೂ ಉಂಟು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಪೊಲೀಸ್ ಇಲಾಖೆಯಲ್ಲಿದ್ದಾರೆ, ಕೆಲವರು ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕರಾಗಿದ್ದಾರೆ. ಅವರಲ್ಲೊಬ್ಬ ಈಚೆಗೆ ತನ್ನ ಶಾಲೆಯ ಹುಡುಗಿಯರ ತಂಡದ ಆಟ ನೋಡಲು ಕರೆದಿದ್ದ. ಅವನು ಇಡೀ ಪಂದ್ಯದುದ್ದಕ್ಕೂ ಪ್ರೆಸ್ ಆಡಿಸುವುದಿಲ್ಲ. ಎದುರಾಳಿಯ ಫೌಲಿಗೆ ಪ್ರತಿಯಾಗಿ ತನ್ನ ತಂಡಕ್ಕೆ ಸಿಕ್ಕ ಫ್ರೀ ಥ್ರೋ ಬುಟ್ಟಿಗೆ ಬಿದ್ದಾಗ ಮಾತ್ರ ಆಡಿಸುತ್ತಾನೆ. ಆಟಗಾರ್ತಿಯರು ಆಗಲೇ ತಮ್ಮ ತಮ್ಮ ಜಾಗದಲ್ಲಿ ನಿಂತಿರುವುದರಿಂದ ಓಡಿ ಹೋಗಿ ಸೇರುವ ಶ್ರಮ ಉಳಿಯುತ್ತದೆ ಎಂದು ಕಾರಣ ಕೊಟ್ಟ. ಆ ವಯಸ್ಸಿನ ಮಕ್ಕಳಿಗೆ ಅದೇ ಸರಿಯೆಂದು ನನಗೂ ತೋರಿತು.