ಹಿನ್ನೆಲೆ ಸೇವೆಗಳಿಗೆ ಅವುಗಳದೇ ಖಾತೆ: ಕಾಫಿ ಘಟಕವೊಂದರಲ್ಲಿ ನಾನು ಮಾಡಿದ್ದು

ಕುಶಾಲನಗರದ ಹತ್ತಿರವಿರುವ ಕಾಫಿ ಸಂಸ್ಕರಣಾ ಘಟಕವೊಂದರ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಳೆಗಾರರು ತಂದ ಚೆರಿ (ಒಣಗಿಸಿದ ಇಡೀ ಹಣ್ಣು), ಪಾರ್ಚ್‌ಮೆಂಟ್ (ತಿರುಳು ತೆಗೆದ, ಸಿಪ್ಪೆಯಿರುವ ಬೀಜ) ಚೀಲಗಳ ತೂಕ, ತೇವಾಂಶ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ) ಮತ್ತು ಅವರಿಗೆ ಸಲ್ಲಬೇಕಾದ ಹಣ, ಎಲ್ಲದರ ಲೆಕ್ಕವೂ ಒಂದೇ ವ್ಯವಹಾರ ತಂತ್ರಾಂಶದಲ್ಲಿದೆ. ಪರದೆಯ ಮುಂದೆ ಕುಳಿತವರಿಗೆ ಕಾಣದಂತೆ ಅದರ ಹಿಂದೆ ಮೂರು ವಿಂಡೋಸ್ ಸೇವೆಗಳು ಹಗಲಿರುಳು ನಡೆಯುತ್ತಿರುತ್ತವೆ. ಒಂದು ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ಆದ ಎಸ್‌ಕ್ಯುಎಲ್ ಸರ್ವರ್, ಇನ್ನೊಂದು ತಂತ್ರಾಂಶದ ಅಪ್ಲಿಕೇಷನ್ ಸೇವೆ, ಮೂರನೆಯದು ಪ್ರತಿ ರಾತ್ರಿ ವರದಿಗಳನ್ನು ಸಿದ್ಧಪಡಿಸಿ ಕಚೇರಿಯ ಹಂಚಿಕೆ ಫೋಲ್ಡರಿನಲ್ಲಿ ಇಡುವ ಸೇವೆ. ಯಾವ ಸೇವೆಯೇ ಆದರೂ ಯಾವುದಾದರೊಂದು ಖಾತೆಯ ಹೆಸರಿನಲ್ಲಿ ಲಾಗಿನ್ ಆಗಿಯೇ ಕೆಲಸ ಮಾಡಬೇಕು. ಆ ಖಾತೆ ಯಾವುದಾಗಿರಬೇಕೆಂದು ನಾನು ಮೊದಲು ಯೋಚಿಸಿಯೇ ಇರಲಿಲ್ಲ.

ತಂತ್ರಾಂಶವನ್ನು ಅಳವಡಿಸಿದ್ದು ಜನವರಿಯಲ್ಲಿ. ರೊಬಸ್ಟಾ ಕೊಯ್ಲು ಆರಂಭವಾಗಿ ಗೇಟಿನ ಹೊರಗೆ ಜೀಪುಗಳು ಸಾಲುಗಟ್ಟಿದ್ದ ದಿನಗಳವು. ಅನುಮತಿಯ ದೋಷಗಳು ಒಂದರ ಹಿಂದೊಂದು ಬರತೊಡಗಿದಾಗ, ಡೊಮೈನ್ ಅಡ್ಮಿನ್ ಅಧಿಕಾರವಿದ್ದ, ಅಂದರೆ ಘಟಕದ ಇಡೀ ಕಂಪ್ಯೂಟರ್ ಜಾಲದ (ಡೊಮೈನಿನ) ಮೇಲೆ ಹಿಡಿತವಿದ್ದ ನನ್ನ ಸ್ವಂತ ಖಾತೆಯನ್ನೇ ಎರಡು ಸೇವೆಗಳಿಗೆ ಕೊಟ್ಟು ಕೈ ತೊಳೆದುಕೊಂಡೆ. ದೋಷಗಳೆಲ್ಲ ಮಾಯವಾದವು.

ನಮ್ಮ ಡೊಮೈನಿನಲ್ಲಿ ಪಾಸ್‌ವರ್ಡಿನ ಆಯುಷ್ಯ, ವಿಂಡೋಸ್ ಸರ್ವರ್ ತಾನಾಗಿಯೇ ಇಡುವಂತೆ, 42 ದಿನ. ಜೂನ್ ತಿಂಗಳಲ್ಲಿ ನಾನು ನನ್ನ ಪಾಸ್‌ವರ್ಡನ್ನು ಬದಲಾಯಿಸಿದೆ, ಆದರೆ ಸೇವೆಗಳಲ್ಲಿ ಬದಲಾಯಿಸುವುದನ್ನು ಮರೆತೆ. ಸೇವೆಯ ಪಾಸ್‌ವರ್ಡನ್ನು ವಿಂಡೋಸ್ ಪರಿಶೀಲಿಸುವುದು ಅದು ಆರಂಭವಾಗುವಾಗ. ಡೇಟಾಬೇಸೂ ಅದೇ ಯಂತ್ರದಲ್ಲಿದ್ದುದರಿಂದ ಓಡುತ್ತಿದ್ದದ್ದು ಓಡುತ್ತಲೇ ಇತ್ತು. ಜುಲೈ ಮಳೆಗೆ ಒಂದು ರಾತ್ರಿ ಮರ ಬಿದ್ದು ತಂತಿ ಹರಿಯಿತು, ಯುಪಿಎಸ್ ಬರಿದಾಗಿ ಸರ್ವರ್ ನಿಂತಿತು. ಮರುದಿನ ಕರೆಂಟು ಬಂದರೂ ಅಪ್ಲಿಕೇಷನ್ ಸೇವೆ ಏಳಲಿಲ್ಲ. ದೋಷ ಸಂಖ್ಯೆ 1069, ವಿಂಡೋಸಿನ ಘಟನೆಗಳ ದಾಖಲೆಯಾದ ಇವೆಂಟ್ ಲಾಗಿನಲ್ಲಿ 7038: ಇದ್ದ ಪಾಸ್‌ವರ್ಡಿನಿಂದ ಲಾಗಿನ್ ಆಗಲಿಲ್ಲವೆಂದು ಅರ್ಥ. ಕೊಡಗಿನ ಮಳೆಗಾಲದಲ್ಲಿ ಸರ್ವರ್ ಯಾವಾಗ ಮರುಚಾಲನೆಯಾಗಬೇಕೆಂದು ತೀರ್ಮಾನಿಸುವವರು ನಾವಲ್ಲ, ಆದ್ದರಿಂದ ಇಂತಹ ತಪ್ಪು ಬಹಳ ದಿನ ಅಡಗಿ ಕೂರುವುದಿಲ್ಲ.

ಸರಿಪಡಿಸಲು ಕುಳಿತಾಗ ಮೊದಲು ಮಾಡಿದ್ದು, ಯಾವ ಸೇವೆಗೆ ನಿಜವಾಗಿ ಏನು ಬೇಕೆಂದು ಕಾಗದದ ಮೇಲೆ ಬರೆದುಕೊಂಡದ್ದು. ಎಸ್‌ಕ್ಯುಎಲ್ ಸರ್ವರಿಗೆ ಹೊರಗಿನ ಯಂತ್ರದ ಗೊಡವೆ ಇಲ್ಲ. ಅಳವಡಿಸುವಾಗ ಅದು ತಾನೇ ಸೃಷ್ಟಿಸಿಕೊಂಡ ವರ್ಚುವಲ್ ಖಾತೆ (ವಿಂಡೋಸೇ ನೋಡಿಕೊಳ್ಳುವ ಸ್ಥಳೀಯ ಖಾತೆ) ಸಾಕಾಗಿತ್ತು, ಅದನ್ನು ಮುಟ್ಟಲಿಲ್ಲ. ಉಳಿದೆರಡಕ್ಕೆ ವಿಂಡೋಸಿನಲ್ಲೇ ಇರುವ ಲೋಕಲ್ ಸಿಸ್ಟಮ್ ಖಾತೆಯನ್ನು ಕೊಡಬಹುದಿತ್ತಾದರೂ, ಇಡೀ ಯಂತ್ರದ ಮೇಲೆ ಹಿಡಿತವಿರುವ ಖಾತೆಯನ್ನು ವರದಿ ಬರೆಯುವ ಸೇವೆಗೆ ಒಪ್ಪಿಸುವುದು ಗೋದಾಮಿನ ಬೀಗದ ಕೈಗಳ ಗೊಂಚಲನ್ನು ಚೀಟಿ ಬರೆಯುವವನ ಕೈಗೆ ಕೊಟ್ಟಂತೆ. ನೆಟ್‌ವರ್ಕ್ ಸರ್ವಿಸ್ ಖಾತೆಯ ತೊಡಕು ಬೇರೆ: ಹೊರಗಿನ ಫೋಲ್ಡರಿಗೆ ಅದು ಕಂಪ್ಯೂಟರಿನ ಹೆಸರಿನಲ್ಲಿ ಹೋಗುತ್ತದೆ, ಹಾಗಾಗಿ ಎರಡು ಸೇವೆಗಳ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ.

ಕೊನೆಗೆ ಆರಿಸಿಕೊಂಡದ್ದು ವಿಂಡೋಸ್ ಸರ್ವರ್ 2012ರಲ್ಲಿ ಬಂದ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್. ಇದರ ಪಾಸ್‌ವರ್ಡ್ ಮನುಷ್ಯರಿಗೆ ಗೊತ್ತಿರಬೇಕಾಗಿಲ್ಲ. ಜಾಲದ ಖಾತೆಗಳನ್ನೆಲ್ಲ ನೋಡಿಕೊಳ್ಳುವ ಸರ್ವರಾದ ಡೊಮೈನ್ ಕಂಟ್ರೋಲರ್ ಅದನ್ನು ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಬದಲಾಯಿಸುತ್ತದೆ, ಅನುಮತಿಯಿರುವ ಕಂಪ್ಯೂಟರ್ ಕೇಳಿ ಪಡೆಯುತ್ತದೆ. ಮೊದಲು ಡೊಮೈನಿನಲ್ಲಿ, ಈ ಪಾಸ್‌ವರ್ಡುಗಳನ್ನು ತಯಾರಿಸಲು ಬಳಕೆಯಾಗುವ ಒಂದು ಕೆಡಿಎಸ್ ಮೂಲ ಕೀಲಿಯನ್ನು ರಚಿಸಬೇಕು. 'ತಕ್ಷಣ ಜಾರಿ' ಎಂಬ ಆಯ್ಕೆ ಕೊಟ್ಟರೂ ಅದು 10 ಗಂಟೆ ಕಾಯಿಸುತ್ತದೆಂದು ತಿಳಿಯದೆ ಅರ್ಧ ದಿನ ಆಜ್ಞೆಗಳನ್ನೇ ಅನುಮಾನಿಸಿದೆ. ನಂತರ ಪ್ರತಿ ಸೇವೆಗೆ ಒಂದರಂತೆ, 15 ಅಕ್ಷರ ಮೀರದ ಹೆಸರಿನ ಎರಡು ಖಾತೆಗಳನ್ನು ಸೃಷ್ಟಿಸಿ, ಸರ್ವರನ್ನು ಪಾಸ್‌ವರ್ಡ್ ಪಡೆಯಬಲ್ಲ ಗುಂಪಿಗೆ ಸೇರಿಸಿದೆ. ಖಾತೆ ಸರ್ವರಿನಲ್ಲಿ ಕೆಲಸ ಮಾಡುವುದೇ ಎಂಬ ಪರೀಕ್ಷೆಯಲ್ಲಿ ಮೊದಲು 'ಫಾಲ್ಸ್' (ಇಲ್ಲ) ಎಂದೇ ಬಂತು. ಗುಂಪಿನ ಹೊಸ ಸದಸ್ಯತ್ವ ಸರ್ವರಿಗೆ ಅರಿವಾಗಲು ಅದನ್ನು ಒಮ್ಮೆ ಮರುಚಾಲನೆ ಮಾಡಬೇಕಾಯಿತು. ಸೇವೆಯ ಲಾಗ್ ಆನ್ ಪುಟದಲ್ಲಿ ಖಾತೆಯ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿ ಪಾಸ್‌ವರ್ಡಿನ ಜಾಗ ಖಾಲಿ ಬಿಟ್ಟರಾಯಿತು. ಡೇಟಾಬೇಸಿನಲ್ಲಿ ಅಪ್ಲಿಕೇಷನ್ ಸೇವೆಗೆ ತನ್ನ ಡೇಟಾಬೇಸಿನ ಒಡೆತನ ಮಾತ್ರ, ವರದಿ ಸೇವೆಗೆ ಓದುವ ಹಕ್ಕು ಮಾತ್ರ ಕೊಟ್ಟೆ.

ಎಲ್ಲವೂ ಮುಗಿಯಿತೆಂದುಕೊಂಡಾಗಲೇ ಅತ್ಯಂತ ಕಾಡಿದ ಸಂಗತಿ ಎದುರಾಯಿತು. ಮಧ್ಯಾಹ್ನ ಸರಿಯಾಗಿ ಆರಂಭವಾಗಿದ್ದ ಸೇವೆ ಸಂಜೆಯ ಮರುಚಾಲನೆಯಲ್ಲಿ ನಿಂತುಬಿಟ್ಟಿತು. ಇವೆಂಟ್ ಸಂಖ್ಯೆ ಈ ಸಲ 7041. 'ಸೇವೆಯಾಗಿ ಲಾಗ್ ಆನ್ ಆಗುವ' ಹಕ್ಕನ್ನು ಸರ್ವಿಸಸ್ ಕಿಟಕಿ ತಾನೇ ಖಾತೆಗೆ ಕೊಡುತ್ತದೆ, ನಿಜ, ಆದರೆ ಕೊಡುವುದು ಆ ಯಂತ್ರದ ಸ್ಥಳೀಯ ಪಟ್ಟಿಯಲ್ಲಿ. ಹಿಂದೆಂದೋ ಬ್ಯಾಕಪ್ ತಂತ್ರಾಂಶಕ್ಕಾಗಿ ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ನಿಯಮ ಹೇರುವ ಡೊಮೈನಿನ ಗ್ರೂಪ್ ಪಾಲಿಸಿಯಲ್ಲಿ ಇದೇ ಹಕ್ಕನ್ನು ನಿಗದಿಪಡಿಸಿದ್ದೆವು. ಸುಮಾರು 90 ನಿಮಿಷಗಳಿಗೊಮ್ಮೆ ನವೀಕರಣಗೊಳ್ಳುವ ಆ ಪಾಲಿಸಿ ಸ್ಥಳೀಯ ಪಟ್ಟಿಗೆ ಹೆಸರು ಸೇರಿಸುವುದಿಲ್ಲ, ಪಟ್ಟಿಯನ್ನೇ ಬದಲಿಸಿಬಿಡುತ್ತದೆ. ಹೊಸ ಖಾತೆಗಳನ್ನು ಪಾಲಿಸಿಯಲ್ಲಿಯೇ ಸೇರಿಸಿದ ಮೇಲೆ ಸಮಸ್ಯೆ ಮತ್ತೆ ಬರಲಿಲ್ಲ. ಅಂದಿನಿಂದ ನಾನು ಯಾವ ಸೇವೆಯ ಖಾತೆಯನ್ನು ಬದಲಾಯಿಸಿದರೂ ಮೂರು ಗಂಟೆ ಬಿಟ್ಟು ಇನ್ನೊಮ್ಮೆ ಸರ್ವರನ್ನು ಮರುಚಾಲನೆ ಮಾಡಿಯೇ ಮನೆಗೆ ಹೋಗುತ್ತೇನೆ.

ವರದಿ ಸೇವೆಯನ್ನು ಹೊಂದಿಸುವಾಗ, ಗುಮಾಸ್ತರ ಕಂಪ್ಯೂಟರಿನಲ್ಲಿ ಝಡ್ ಡ್ರೈವ್ ಎಂದು ಕಾಣುವ ಫೋಲ್ಡರ್ ಸೇವೆಗೆ ಕಾಣುವುದಿಲ್ಲವೆಂಬುದೂ ತಿಳಿಯಿತು. ಆ ಅಕ್ಷರ ಲಾಗಿನ್ ಆದ ವ್ಯಕ್ತಿಗೆ ಸೇರಿದ್ದು. ಸರ್ವರಿನ ಹೆಸರಿನಿಂದ ಆರಂಭವಾಗುವ ಪೂರ್ಣ ವಿಳಾಸ ಬರೆದು, ಹಂಚಿಕೆಗೂ ಫೋಲ್ಡರಿಗೂ ಬರೆಯುವ ಅನುಮತಿ ಕೊಡಬೇಕಾಯಿತು.

ತೂಕದ ಯಂತ್ರಕ್ಕೆ ಹೊಂದಿದ ಹಳೆಯ ಸೇವೆಯೊಂದು ಪಾಸ್‌ವರ್ಡ್ ಖಾಲಿ ಬಿಟ್ಟರೆ ಈಗಲೂ ಒಪ್ಪುವುದಿಲ್ಲ. ಅದಕ್ಕೆ ಸಾಮಾನ್ಯ ಖಾತೆಯನ್ನೇ ತೆರೆದು, ಅದನ್ನು 42 ದಿನದ ನಿಯಮದಿಂದ ಹೊರಗಿಟ್ಟು, ಅದರಿಂದ ಪರದೆಯ ಮುಂದೆ ಕುಳಿತು ಅಥವಾ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಲಾಗಿನ್ ಆಗುವುದನ್ನು ನಿರ್ಬಂಧಿಸಿ, ಉದ್ದನೆಯ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ವ್ಯವಸ್ಥಾಪಕರ ಕಬ್ಬಿಣದ ಪೆಟ್ಟಿಗೆಯಲ್ಲಿ ಇರಿಸಿದ್ದೇನೆ. ಮಳೆ ಇಳಿದು ಅರೇಬಿಕಾ ಕೊಯ್ಲಿಗೆ ಇನ್ನೂ ಸಮಯವಿರುವ ಅಕ್ಟೋಬರಿನಲ್ಲಿ ವರ್ಷಕ್ಕೊಮ್ಮೆ ಅದನ್ನು ಕೈಯಾರೆ ಬದಲಾಯಿಸುತ್ತೇನೆ.