ಸೊಂಟ ಹಿಡಿದಾಗ ನಾನು ಮಾಡಿದ್ದು

2022ರ ಜನವರಿ. ರಾತ್ರಿಯೆಲ್ಲ ಹಿಮ ಬಿದ್ದು ಮನೆ ಮುಂದೆ ಒಂದು ಗೇಣು ನಿಂತಿತ್ತು. ಆರೂವರೆಗೆ ಎದ್ದವನೇ ಸಲಿಕೆ ಹಿಡಿದು ಹೊರಗೆ ಹೋದೆ. ಮೈ ಇನ್ನೂ ನಿದ್ದೆಯಲ್ಲೇ ಇತ್ತು. ಸಲಿಕೆ ತುಂಬ ಒದ್ದೆ ಹಿಮ ಎತ್ತಿ, ಕಾಲು ಕದಲಿಸದೆ ಸೊಂಟ ಮಾತ್ರ ತಿರುಗಿಸಿ ಪಕ್ಕಕ್ಕೆ ಎಸೆದೆ. ಬಲಗಡೆ ಸೊಂಟದಲ್ಲಿ ಚಳಕ್ ಅಂತು. ಅಲ್ಲಿಂದ ಹತ್ತು ಹೆಜ್ಜೆ ದೂರದ ಬಾಗಿಲಿಗೆ ಗೋಡೆ ಹಿಡಿದುಕೊಂಡು ಬರಲು ಐದು ನಿಮಿಷ ಬೇಕಾಯಿತು.

ನಾವಿರುವುದು ಅಮೆರಿಕದ ಅಯೋವಾ ರಾಜ್ಯದ ಬೆಟೆನ್‌ಡಾರ್ಫ್‌ನಲ್ಲಿ, ಮಿಸಿಸಿಪಿ ನದಿಯ ದಡದಲ್ಲಿ. ಪಕ್ಕದ ಊರು ಡ್ಯಾವೆನ್‌ಪೋರ್ಟ್. ನದಿ ದಾಟಿದರೆ ಮೋಲಿನ್. ಟ್ರ್ಯಾಕ್ಟರ್ ಮಾಡುವ ಜಾನ್ ಡಿಯರ್ ಕಂಪನಿಯ ಮುಖ್ಯ ಕಚೇರಿ ಅಲ್ಲಿರುವುದರಿಂದ ನಮ್ಮ ಕಡೆಯ ಎಂಜಿನಿಯರುಗಳೂ ಈ ಊರುಗಳಲ್ಲಿದ್ದಾರೆ. ನನ್ನದು ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯ ಮೇಲಿನ ಕೆಲಸ. ಆಗ ವಯಸ್ಸು ನಲವತ್ತೊಂದು.

ತಿಪಟೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. "ಉಳುಕಿರ್ಬೇಕು ಕಣಪ್ಪ. ಕಾಲು ಮುಂದಾಗಿ ಹುಟ್ಟಿದೋರು ಯಾರಾದ್ರೂ ಇದ್ರೆ ಮೆತ್ತಗೆ ಒದೆಸ್ಕೋ, ಹೋಗುತ್ತೆ" ಅಂದರು. ಚಿಕ್ಕಂದಿನಲ್ಲಿ ನನ್ನನ್ನೂ ಹಾಗೆ ಒಬ್ಬರ ಹತ್ತಿರ ಕರೆದುಕೊಂಡು ಹೋಗಿದ್ದರು. ಅವತ್ತು ನೋವು ಕಡಿಮೆಯಾಗಿತ್ತು ಅನ್ನುವುದು ಚೆನ್ನಾಗಿ ನೆನಪಿದೆ.

ಇಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಕೈರೋಪ್ರಾಕ್ಟರ್ ಹತ್ತಿರ ಹೋಗು. ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು. ಹೇಳದೆ ಇನ್ನೇನು? ಈ ಚಿಕಿತ್ಸೆ ಹುಟ್ಟಿದ್ದೇ ಡ್ಯಾವೆನ್‌ಪೋರ್ಟ್‌ನಲ್ಲಿ. 1895ರಲ್ಲಿ ಡಿ.ಡಿ. ಪಾಮರ್ ಅನ್ನುವವರು, ತಮ್ಮ ಕಚೇರಿ ಇದ್ದ ಕಟ್ಟಡವನ್ನು ಗುಡಿಸಿ ನೋಡಿಕೊಳ್ಳುತ್ತಿದ್ದ ಹಾರ್ವಿ ಲಿಲಾರ್ಡ್ ಅವರ ಬೆನ್ನುಮೂಳೆಯನ್ನು ಕೈಯಿಂದ ಒತ್ತಿದರು. ಲಿಲಾರ್ಡ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಒತ್ತಿದ ಮೇಲೆ ಕೇಳಿಸಿತು ಅನ್ನುವುದು ಪಾಮರ್ ಹೇಳಿಕೊಂಡ ಕಥೆ. ಎರಡು ವರ್ಷದ ನಂತರ ಅವರು ಶುರು ಮಾಡಿದ ಶಾಲೆ ಇವತ್ತಿಗೂ ಇದೇ ಊರಿನಲ್ಲಿ ದೊಡ್ಡ ಕಾಲೇಜಾಗಿ ನಿಂತಿದೆ. ಕಿವಿಯ ಕಥೆಯನ್ನು ನಾನು ನಂಬುವುದಿಲ್ಲ. ಕಿವಿಯ ನರ ತಲೆಬುರುಡೆಯೊಳಗೇ ಮೆದುಳಿಗೆ ಹೋಗುತ್ತದೆ, ಬೆನ್ನುಮೂಳೆಯ ದಾರಿ ಹಿಡಿಯುವುದೇ ಇಲ್ಲ. ಆದರೆ ಸೊಂಟದ ನೋವಿನ ಮಾತು ಬೇರೆ. ಅದಕ್ಕೆ ಈ ಕೈಚಿಕಿತ್ಸೆಯಿಂದ ಸ್ವಲ್ಪ ಉಪಯೋಗ ಇದೆ ಅಂತ ಅಮೆರಿಕದ ವೈದ್ಯರ ಸಂಘವೊಂದು 2017ರ ಮಾರ್ಗಸೂಚಿಯಲ್ಲೇ ಬರೆದಿದೆ. ಮಾತ್ರೆಗಿಂತ ಮೊದಲು ಬಿಸಿ ಶಾಖ, ಮಸಾಜ್, ಅಕ್ಯುಪಂಕ್ಚರ್ ಅಥವಾ ಬೆನ್ನಿನ ಕೈಚಿಕಿತ್ಸೆ ನೋಡಿ ಅನ್ನುತ್ತದೆ ಅದು.

ನಾನು ಹೋದ ಮೊದಲ ಕ್ಲಿನಿಕ್‌ನಲ್ಲಿ ಹೋದ ತಕ್ಷಣ ಎಕ್ಸ್‌ರೇ ತೆಗೆದರು. ಫಿಲ್ಮ್ ಮೇಲೆ ಕೆಂಪು ಗೆರೆ ಎಳೆದು, "ನೋಡಿ, ಈ ಮೂಳೆ ಜಾಗ ಬಿಟ್ಟಿದೆ" ಅಂದರು. ಮೂವತ್ತಾರು ಸಲ ಬರಬೇಕು, ಹಣ ಮೊದಲೇ ಕಟ್ಟಿದರೆ ರಿಯಾಯಿತಿ. ಹಣದ ವಿಷಯ ಬಿಡಿ. ನನಗೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಆ ಕೆಂಪು ಗೆರೆ. ಮೂಳೆ ಜಾರಿದೆ ಅಂತ ತಲೆಯಲ್ಲಿ ಕೂತ ಮೇಲೆ ನಾನು ಅಲುಗಾಡುವುದನ್ನೇ ಬಿಟ್ಟೆ. ನಾಲ್ಕು ವರ್ಷದ ಮಗಳು ಎತ್ತಿಕೋ ಅಂದರೆ ಹಿಂದೆ ಸರಿಯುತ್ತಿದ್ದೆ. ಇಡೀ ದಿನ ಬೆಲ್ಟ್ ಕಟ್ಟಿಕೊಂಡೇ ಇರುತ್ತಿದ್ದೆ. ಚಪ್ಪಲಿ ಹಾಕಲು ಹೆಂಡತಿ ಬೇಕು. ಮೂರು ವಾರ ಕಳೆದರೂ ನೋವು ಹಾಗೇ ಇತ್ತು. ಆರನೇ ಸಲದ ಮೇಲೆ ಅಲ್ಲಿಗೆ ಹೋಗುವುದು ನಿಲ್ಲಿಸಿದೆ.

ಎರಡನೆಯವರನ್ನು ತೋರಿಸಿದ್ದು ನನ್ನ ಫ್ಯಾಮಿಲಿ ಡಾಕ್ಟರ್. ಇವರೂ ಕೈರೋಪ್ರಾಕ್ಟರೇ. ಆದರೆ ಮೊದಲ ಅರ್ಧ ಗಂಟೆ ಬೆನ್ನು ಮುಟ್ಟಲೇ ಇಲ್ಲ, ಬರೀ ಪ್ರಶ್ನೆ. ಮೂತ್ರ ಕಟ್ಟಿಕೊಳ್ಳುತ್ತದೆಯೇ, ಗೊತ್ತಿಲ್ಲದೆ ಹೋಗುತ್ತದೆಯೇ? ಕೂರುವ ಜಾಗ, ತೊಡೆಯ ಒಳಭಾಗ ಮರಗಟ್ಟಿದೆಯೇ? ಕಾಲಿನ ಬಲ ಕಡಿಮೆಯಾಗಿದೆಯೇ? ಜ್ವರ ಇದೆಯೇ? ಸುಮ್ಮಸುಮ್ಮನೆ ತೂಕ ಇಳಿದಿದೆಯೇ? ಹಿಂದೆ ಕ್ಯಾನ್ಸರ್ ಬಂದಿತ್ತೇ? ಬಿದ್ದಿದ್ದಿರಾ? ಇದರಲ್ಲಿ ಯಾವುದಕ್ಕಾದರೂ ಹೌದು ಅಂದರೆ ನಾನು ಕೈ ಹಚ್ಚುವುದಿಲ್ಲ, ಆಸ್ಪತ್ರೆಗೆ ಕಳಿಸುತ್ತೇನೆ ಅಂದರು. ಮೂತ್ರದ ತೊಂದರೆ, ಮರಗಟ್ಟುವುದು ಇದ್ದರಂತೂ ಅದೇ ದಿನ ಹೋಗಬೇಕು. ಓದುವವರು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಮೇಲೆ ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಮಲಗಿಸಿ ಒಂದೊಂದೇ ಕಾಲನ್ನು ನೆಟ್ಟಗೆ ಎತ್ತಿದರು, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ನರಕ್ಕೆ ಏನೂ ಆಗಿಲ್ಲ ಅಂದರು. ನಾನು ಎಕ್ಸ್‌ರೇ ಚಿತ್ರ ತೋರಿಸಿ, ಜಾರಿದ ಮೂಳೆಯನ್ನು ಎಷ್ಟು ದಿನದಲ್ಲಿ ಕೂರಿಸುತ್ತೀರಿ ಅಂತ ಕೇಳಿದೆ. ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

ಮೂಳೆ ಜಾರಿಲ್ಲ ಅಂದರು. ಕೈಯಿಂದ ಒತ್ತಿದರೆ ಜಾರುವಷ್ಟು, ಒತ್ತಿದರೆ ವಾಪಸ್ ಕೂರುವಷ್ಟು ಸಡಿಲ ಅಲ್ಲ ಬೆನ್ನುಮೂಳೆ. ಸುತ್ತಲಿನ ಕೀಲು, ಸ್ನಾಯು ಎಲ್ಲೋ ಕೆರಳಿ ಬಿಗಿ ಹಿಡಿದಿವೆ. ಸೊಂಟ ನೋವಿನಲ್ಲಿ ಬಹುಪಾಲಿಗೆ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಆದರೂ ಹೆಚ್ಚಿನವು ಕೆಲವು ವಾರದಲ್ಲಿ ಇಳಿಯುತ್ತವೆ. ಸ್ಕ್ಯಾನಿಂಗ್ ಬೇಡವೇ ಅಂದೆ. ಆಗ ಅವರು ಹೇಳಿದ ಲೆಕ್ಕ ನನ್ನ ಕಣ್ಣು ತೆರೆಸಿತು. ಯಾವ ನೋವೂ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟು ಸೇರಿಸಿ ನೋಡಿದ್ದಾರೆ. ಇಪ್ಪತ್ತು ವರ್ಷದವರಲ್ಲೇ ಶೇ. 37 ಮಂದಿಯ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿತ್ತು, ಶೇ. 30 ಮಂದಿಯಲ್ಲಿ ಉಬ್ಬಿತ್ತು. ಎಂಬತ್ತು ವರ್ಷದವರಲ್ಲಿ ಶೇ. 96 ಮಂದಿಗೆ ಸವೆತ. ಎಲ್ಲರೂ ಆರಾಮಾಗಿದ್ದವರು! ಕೂದಲು ನರೆಯುವ ಹಾಗೆ ಇದೂ ಅಲ್ವಾ ಅನ್ನಿಸಿತು. ಬೆಲ್ಟನ್ನು ಅವತ್ತೇ ಬಿಚ್ಚಿ ಕಾರಿನ ಹಿಂದಿನ ಸೀಟಿಗೆ ಹಾಕಿದೆ.

ಚಿಕಿತ್ಸೆ ಹೀಗಿತ್ತು. ಎಡಮಗ್ಗುಲಾಗಿ ಮಲಗಿಸಿ, ಬಲಗಾಲನ್ನು ಮಡಚಿ ಮುಂದಕ್ಕೆ ತಂದು, ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ. ಉಸಿರು ಬಿಡಿ ಅಂದು ಚಿಕ್ಕದಾಗಿ, ಬೇಗನೆ ಒಂದು ಒತ್ತು. ಲಟಕ್ ಅಂತ ಸದ್ದು. ನೋವಾಗಲಿಲ್ಲ. ಬೆರಳಿನ ನೆಟಿಗೆ ಮುರಿದಾಗ ಬರುವ ಸದ್ದೇ ಅದು. ಕೀಲಿನೊಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಏಳುತ್ತದೆ, ಅಷ್ಟೇ. ಸದ್ದು ಬಂದರೂ ಬಾರದಿದ್ದರೂ ವ್ಯತ್ಯಾಸ ಇಲ್ಲ ಅಂದರು. ಮೇಜಿನಿಂದ ಇಳಿದಾಗ, ಬರುವಾಗ ಮಂಡಿಯವರೆಗೆ ಬಗ್ಗುತ್ತಿದ್ದವನು ಮೊಣಕಾಲಿನ ಕೆಳಗೆ ಅರ್ಧದವರೆಗೆ ಬಗ್ಗಿದೆ. ಕಣ್ಣಲ್ಲಿ ನೀರು ಬಂತು.

ಆದರೆ ಎರಡೇ ದಿನದಲ್ಲಿ ಬಿಗಿತ ವಾಪಸ್ ಬಂತು. ಹೀಗೇ ಆಗುತ್ತದೆ ಅಂತ ಅವರು ಮೊದಲೇ ಹೇಳಿದ್ದರು. ಆ ಎರಡು ದಿನದ ಆರಾಮನ್ನು ನಡೆಯಲು ಬಳಸಿ, ಅದಕ್ಕೇ ನಾನು ಒತ್ತುವುದು ಅಂದಿದ್ದರು. ಒಟ್ಟು ಆರು ವಾರದಲ್ಲಿ ಎಂಟು ಸಲ ಹೋದೆ. ಉಳಿದದ್ದೆಲ್ಲ ಮನೆಯ ಕೆಲಸ.

ನಡಿಗೆ ದಿನಕ್ಕೆ ಮೂರು ಸಲ, ಐದೈದು ನಿಮಿಷದಿಂದ ಶುರು ಮಾಡಿದೆ. ಹೊರಗೆ ಜಾರುವ ಮಂಜುಗಡ್ಡೆ, ಹಾಗಾಗಿ ಮಾಲ್ ಒಳಗೆ ನಡೆದೆ. ವಾರಕ್ಕೆ ಎರಡು ನಿಮಿಷ ಏರಿಸುತ್ತ ಹೋದೆ. ಚಾಪೆ ಮೇಲೆ ಮೂರು ವ್ಯಾಯಾಮ. ಅಂಗೈ ಮಂಡಿ ಊರಿ ಕೂಸಿನ ಹಾಗೆ ನಿಂತು, ಬಲಗೈ ಮುಂದಕ್ಕೆ ಎಡಗಾಲು ಹಿಂದಕ್ಕೆ ಚಾಚಿ ಹತ್ತು ಎಣಿಸುವುದು, ಆಮೇಲೆ ಬದಲಿಸುವುದು. ಅಂಗಾತ ಮಲಗಿ ಮಂಡಿ ಮಡಚಿ ಪೃಷ್ಠ ಎತ್ತುವುದು. ಮಗ್ಗುಲಾಗಿ ಮೊಣಕೈ ಮತ್ತು ಮಂಡಿಯ ಮೇಲೆ ಸೊಂಟ ಎತ್ತಿ ಹಿಡಿಯುವುದು. ಹತ್ತು ನಿಮಿಷದ ಕೆಲಸ. ಮೊದಲ ವಾರ ನೋವು ಹತ್ತಕ್ಕೆ ನಾಲ್ಕರ ಒಳಗಿದ್ದರೆ ಮಾಡಿದೆ, ಜಾಸ್ತಿಯಾದರೆ ಅವತ್ತು ಎಣಿಕೆ ಇಳಿಸಿದೆ. ಪೂರ್ತಿ ಬಿಟ್ಟ ದಿನ ಒಂದೂ ಇಲ್ಲ.

ಐದನೇ ವಾರ ಷಿಕಾಗೋಗೆ ಕಾರಿನಲ್ಲಿ ಹೋಗಬೇಕಾಯಿತು, ಮೂರು ಗಂಟೆ ದಾರಿ. ಎಲ್ಲೂ ನಿಲ್ಲಿಸಲಿಲ್ಲ, ಅದು ನನ್ನದೇ ತಪ್ಪು. ಇಳಿದಾಗ ಸೊಂಟ ಮತ್ತೆ ಹಿಡಿಯಿತು. ಎಲ್ಲ ಮೊದಲಿಗೇ ಬಂತು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ಹೋಟೆಲಿನ ಕಾರಿಡಾರಿನಲ್ಲೇ ಐದು ನಿಮಿಷ ನಡೆದೆ. ಸಂಜೆಗೆ ಮತ್ತೆ ಐದು. ನಾಲ್ಕು ದಿನಕ್ಕೆ ಇಳಿಯಿತು. ಮೊದಲ ಸಲ ಮೂರು ವಾರವಾದರೂ ಇಳಿಯದ ನೋವು ಈಗ ನಾಲ್ಕೇ ದಿನಕ್ಕೆ ಹೋಯಿತು. ಹೆದರಿಕೆ ಹೋಗಿದ್ದು ನಿಜವಾಗಿ ಅವತ್ತು.

ಕತ್ತನ್ನೂ ಒತ್ತಲೇ ಅಂತ ಒಮ್ಮೆ ಕೇಳಿದರು. ಬೇಡ ಅಂದೆ, ಅವರೂ ಒತ್ತಾಯ ಮಾಡಲಿಲ್ಲ. ಕತ್ತನ್ನು ಜೋರಾಗಿ ತಿರುಗಿಸಿದಾಗ, ತೀರಾ ಅಪರೂಪವಾಗಿ, ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆದದ್ದು ವೈದ್ಯರ ದಾಖಲೆಗಳಲ್ಲಿದೆ. ನನಗೆ ಕತ್ತು ನೋವೇ ಇರಲಿಲ್ಲ, ಸುಮ್ನೆ ಯಾಕೆ?

ಕಳೆದ ತಿಂಗಳು ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದ್ದ. ಅವನಿಗೂ ಸೊಂಟ. ಲಟಲಟ ಮೂಳೆ ಮುರಿಯುವ ವಿಡಿಯೋ ನೋಡಿ, "ಅಣ್ಣ, ಇಲ್ಲೂ ಒಬ್ರು ಮಾಡ್ತಾರಂತೆ, ಹೋಗ್ಲಾ?" ಅಂದ. ಇಲ್ಲಿ ಕೈರೋಪ್ರಾಕ್ಟರುಗಳು ವರ್ಷಗಟ್ಟಲೆ ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು, ರಾಜ್ಯದ ಲೈಸೆನ್ಸ್ ಪಡೆದವರು. ನಮ್ಮಲ್ಲಿ ಇದಕ್ಕೆ ಅಂಥ ಲೈಸೆನ್ಸ್ ಕೊಡುವವರು ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಅದಕ್ಕೆ, ಮೊದಲು ಡಾಕ್ಟರಿಗೆ ತೋರಿಸು, ಆಮೇಲೆ ಓದಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗು, ಅವರಲ್ಲೂ ಕೈಚಿಕಿತ್ಸೆ ಕಲಿತವರು ಇದ್ದಾರೆ ಅಂದೆ. ಮೂತ್ರ, ಮರಗಟ್ಟುವುದು, ಕಾಲಿನ ಬಲ, ಆ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ಇಲ್ಲ ಅಂದ.

"ಸರಿ, ಈಗ ಎದ್ದು ಮನೆ ಸುತ್ತ ಐದು ನಿಮಿಷ ನಡಿ. ಫೋನ್ ಇಡಬೇಡ, ಮಾತಾಡ್ತಾ ನಡಿ" ಅಂದೆ. ಅವನು ಬೆಂಗಳೂರಿನ ತಾರಸಿಯ ಮೇಲೆ, ನಾನು ಇಲ್ಲಿ ನದಿಯ ದಡದಲ್ಲಿ, ಇಬ್ಬರೂ ಅಮ್ಮನ ವಿಷಯ ಮಾತಾಡುತ್ತ ಹದಿನೈದು ನಿಮಿಷ ನಡೆದೆವು.